ಮೈಕಿನ ಋಣ

ದೊಡ್ಡಬಳ್ಳಾಪುರದಲ್ಲಿ ಮಗ್ಗಗಳ ಸದ್ದಿನ ನಡುವೆ ರೇಡಿಯೋ ಕೇಳಬೇಕಾದರೆ ಕಿವಿಗೆ ಒಂದು ಬಗೆಯ ತಪಸ್ಸು ಬೇಕು. ನಮ್ಮ ತಂದೆಯವರಿಗೆ ಅದು ಸಿದ್ಧಿಸಿತ್ತು. ಕ್ರಿಕೆಟ್ಟಿನ ವೀಕ್ಷಕ ವಿವರಣೆ ಬರುವ ದಿನ ಟ್ರಾನ್ಸಿಸ್ಟರನ್ನು ಗೋಡೆಯ ಗೂಡಿನಲ್ಲಿಟ್ಟು, ಕಣ್ಣು ನೇಯ್ಗೆಯ ಮೇಲೆ, ಕಿವಿ ಗೂಡಿನ ಕಡೆಗೆ ಮಾಡಿಕೊಂಡು ನಿಲ್ಲುವರು. ವಿವರಣೆಗಾರನು ನಮ್ಮವರನ್ನು ಅತಿಯಾಗಿ ಹೊಗಳಿದನೆಂದರೆ, “ಇವನು ಸೀರೆ ಮಾರುವವನಪ್ಪ, ನೋಡುವವನಲ್ಲ” ಎನ್ನುವರು.

ಆ ಮಾತಿನ ಅರ್ಥ ನನಗೆ ತಿಳಿದದ್ದು ನಾನೇ ಮೈಕು ಹಿಡಿದ ರಾತ್ರಿ. ಊರಿನ ತಂಡವೊಂದು ಹೊನಲು ಬೆಳಕಿನ ಕಬಡ್ಡಿ ಪಂದ್ಯಗಳನ್ನು ಏರ್ಪಡಿಸಿತ್ತು. ನನಗೆ ಶಾಲು, ಹಾರ, ಊಟ. ಕುರ್ಚಿಯೂ ಮುಂದಿನ ಸಾಲಿನಲ್ಲಿ. ಕೊನೆಯ ಪಂದ್ಯ ನಮ್ಮವರಿಗೂ ನೆಲಮಂಗಲದ ಕಡೆಯ ಹುಡುಗರಿಗೂ. ಅಂಕಗಳು ಸರಿಸಮ. ಅವರ ರೈಡರನ್ನು ನಮ್ಮವರು ಮೂವರು ಕೆಡವಿದರು. ಆದರೆ ಅದಕ್ಕೆ ಮೊದಲೇ ಅವನ ಬೆರಳು ನಡುಗೆರೆಯನ್ನು ಮುಟ್ಟಿತ್ತು. ನಾನು ಕಂಡೆ. ತೀರ್ಪುಗಾರರು ಔಟೆಂದರು. ಹುಡುಗ ನನ್ನ ಕಡೆ ತಿರುಗಿ, “ಸಾರ್, ನೀವು ನೋಡಿದಿರಲ್ಲ, ಹೇಳಿ ಸಾರ್” ಎಂದ. ಮೈಕು ನನ್ನ ಕೈಯಲ್ಲೇ ಇತ್ತು. “ಎಂಥ ಅಮೋಘ ಹಿಡಿತ!” ಎಂದು ಕೂಗಿದೆ.

ಮನೆಗೆ ಬಂದಾಗ ತಂದೆಯವರು ಶಾಲನ್ನು ದೀಪಕ್ಕೆ ಹಿಡಿದು ನೋಡಿ, “ಎಳೆ ಸಡಿಲ” ಎಂದಷ್ಟೇ ಹೇಳಿ ಮಡಿಸಿಟ್ಟರು.

ನನ್ನದು ಒಂದು ಶಾಲಿನ ಋಣ. ದೊಡ್ಡ ಮೈದಾನಗಳಲ್ಲಿ ವರ್ಷದ ಸಂಬಳವೇ ಆ ಋಣ. 2016ರಲ್ಲಿ ಹರ್ಷ ಭೋಗ್ಲೆಯವರು ಐಪಿಎಲ್ ವಿವರಣೆಯಿಂದ ಹೊರಬಿದ್ದರು. 2019ರ ವಿಶ್ವಕಪ್ಪಿನಲ್ಲಿ ಸಂಜಯ್ ಮಂಜ್ರೇಕರರು ರವೀಂದ್ರ ಜಡೇಜರನ್ನು ಚೂರುಪಾರು ಆಟಗಾರನೆಂದರು; ಸೆಮಿಫೈನಲ್ಲಿನಲ್ಲಿ ಜಡೇಜ 77 ಓಟಗಳನ್ನು ಬಾರಿಸಿದಾಗ, ತಾನು ಸೋತೆನೆಂದು ಒಪ್ಪಿಕೊಂಡರು. ಟೀಕೆ ಮಾಡುವವನಿಗೆ ಈ ಒಪ್ಪಿಗೆಯೂ ಬೇಕು. ಹೊಗಳುಭಟನಿಗೆ ಈ ಕಷ್ಟವೇ ಇಲ್ಲ. ಆದರೂ 2020ರಲ್ಲಿ ಮಂಡಳಿಯ ವಿವರಣೆಗಾರರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಇಬ್ಬರೂ ಮುಂದೆ ಮೈಕಿನ ಮುಂದೆ ಮರಳಿದರೆನ್ನಿ. ಬೆಂಗಳೂರಿನ ರಾಮಚಂದ್ರ ಗುಹರು, ಸರ್ವೋಚ್ಚ ನ್ಯಾಯಾಲಯ ನೇಮಿಸಿದ್ದ ಆಡಳಿತ ಸಮಿತಿಯನ್ನು 2017ರಲ್ಲಿ ಬಿಟ್ಟಾಗ, ಆಟಗಾರರ ವ್ಯವಹಾರ ನೋಡುವ ಸಂಸ್ಥೆಯ ಮುಖ್ಯಸ್ಥರಾದ ಗಾವಸ್ಕರರೇ ಮಂಡಳಿಯ ಪರವಾಗಿ ಅದೇ ಆಟಗಾರರ ಆಟವನ್ನು ವಿವರಿಸುವುದು ಹೇಗೆ ಸರಿ ಎಂದು ಪತ್ರದಲ್ಲಿ ಆಕ್ಷೇಪಿಸಿದ್ದರು. ಆಟವಾಡುವವರ ಹಂಗಿಲ್ಲದೆ ಹೊರಗೆ ಕುಳಿತು ಟೀಕಿಸುವವರಿಗೆ ಕಹಿನಾಲಿಗೆಯವರೆಂಬ ಹೆಸರು ಬರುತ್ತದೆ. ಅವರಲ್ಲಿ ಕೆಲವರಿಗೆ ಬೈಗುಳವೇ ಬಂಡವಾಳವೆಂಬುದೂ ಸುಳ್ಳಲ್ಲ.

ಈಚೆಗೆ ಬಸ್ ನಿಲ್ದಾಣದಲ್ಲಿ ಆ ಹುಡುಗ ಸಿಕ್ಕಿದ. ಈಗ ಹುಡುಗನಲ್ಲ, ತಲೆ ನರೆತಿದೆ. “ಈಗಲೂ ಮೈಕು ಹಿಡೀತೀರಾ ಸಾರ್?” ಎಂದು ನಕ್ಕ. ಇಲ್ಲವೆಂದೆ. “ಗೆರೆ ಮುಟ್ಟಿದ್ದೆ ಕಣಪ್ಪ ನೀನು” ಎನ್ನಲು ಬಾಯಿ ತೆರೆಯುವಷ್ಟರಲ್ಲಿ ನೆಲಮಂಗಲದ ಬಸ್ಸು ಬಂತು, ಅವನು ಓಡಿದ.