ನಿಯಮವೂ ಕಿವಿಯೂ



ನಮ್ಮ ಗಾಯನವೃಂದಗಳಲ್ಲಿ ಕೀಬೋರ್ಡ್ ನುಡಿಸುವವರಿಗೆ ಸಿ, ಎಫ್, ಜಿ ಎಂಬ ಮೂರು ಕಾರ್ಡುಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಹಲವು ಸ್ವರಗಳು ಏಕಕಾಲಕ್ಕೆ ಕೂಡಿ ಧ್ವನಿಸಿದರೆ ಅದು ಕಾರ್ಡ್. ಯಾವ ಕಾರ್ಡಿನ ಬಳಿಕ ಯಾವುದು ಬರಬೇಕೆಂಬ ವಿಷಯದಲ್ಲಿ, ಅಮೆರಿಕದ ಕರಿಯ ಕಲಾವಿದರು ಬೆಳೆಸಿದ ಜಾಝ್ ಸಂಗೀತಕ್ಕೆ ತನ್ನದೇ ಆದ ಸೂಕ್ಷ್ಮ ವ್ಯಾಕರಣವುಂಟು. ಇದನ್ನು ಗಣಕಯಂತ್ರದ ಸಂಗೀತ ತಂತ್ರಾಂಶಕ್ಕೆ ನಿಯಮಗಳ ರೂಪದಲ್ಲಿ ಕಲಿಸಲು ಸಾಧ್ಯವೇ?

ಸಾಧ್ಯವೆಂದು ಬ್ರಿಟನ್ನಿನ ವಿದ್ವಾಂಸ ಮಾರ್ಕ್ ಸ್ಟೀಡ್ಮನ್ 1984ರಲ್ಲಿಯೇ ತೋರಿಸಿದರು. 12 ಬಾರ್‌ಗಳ ಸರಳ ಬ್ಲೂಸ್ ಚೌಕಟ್ಟಿನಿಂದ ಹೊರಟು, ಕೆಲವೇ ನಿಯಮಗಳ ಮೂಲಕ ಜಾಝ್ ವಾದಕರು ಬಳಸುವ ಅನೇಕ ಸಂಕೀರ್ಣ ರೂಪಗಳನ್ನು ಪಡೆಯಬಹುದೆಂಬುದು ಅವರ ವಾದ. ಇಲ್ಲಿ ಸ್ವಾರಸ್ಯವೆಂದರೆ, ನಿಯಮವು ಗುರಿಯಿಂದ ಹಿಂದಕ್ಕೆ ನಡೆಯುತ್ತದೆ. ಸಿ ಎಂಬುದು ತಲುಪಬೇಕಾದ ಮನೆ ಎಂದಿಟ್ಟುಕೊಳ್ಳಿ. ಅದರ ಮುನ್ನ ಜಿ ಸೆವೆಂತ್, ಅದಕ್ಕೂ ಮುನ್ನ ಡಿ ಮೈನರ್ ಸೆವೆಂತ್, ಬೇಕಿದ್ದರೆ ಅದಕ್ಕೂ ಮುನ್ನ ಎ ಸೆವೆಂತ್. ಬರುವವರು ಯಾರೆಂದು ತಿಳಿದ ಮೇಲೆ ಅಂಗಳ ಗುಡಿಸುವಂತೆ!

ಇನ್ನೊಂದು ನಿಯಮ ಇನ್ನಷ್ಟು ಚೆಲುವಾದದ್ದು. ಜಿ ಸೆವೆಂತ್‌ಗೆ ಮನೆ ಸೇರುವ ತವಕವನ್ನು ಕೊಡುವುದು ಅದರೊಳಗಿನ ಬಿ ಮತ್ತು ಎಫ್ ಸ್ವರಗಳು. ಬಹು ದೂರದ್ದೆಂದು ತೋರುವ ಡಿ ಫ್ಲಾಟ್ ಸೆವೆಂತ್‌ನಲ್ಲಿಯೂ ಇವೇ ಎರಡು ಸ್ವರಗಳಿವೆ. ಆದ್ದರಿಂದ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡಬಹುದು. ಆಗ ಕೆಳಗಿನ ಸ್ವರ ಡಿ, ಡಿ ಫ್ಲಾಟ್, ಸಿ ಎಂದು ಅರ್ಧರ್ಧ ಹೆಜ್ಜೆಯಾಗಿ ಇಳಿಯುತ್ತದೆ. ಕೀಬೋರ್ಡ್ ಇದ್ದವರು ಒಮ್ಮೆ ನುಡಿಸಿ ನೋಡಿ.

ತಂತ್ರಾಂಶಕ್ಕೆ ಇಷ್ಟನ್ನೇ ಬರೆದುಕೊಟ್ಟರೆ ಅದು ಸಿಕ್ಕಲ್ಲೆಲ್ಲ ಈ ಬದಲಾವಣೆ ಮಾಡುತ್ತದೆ. ಹಾಡುವವನು ಆ ಕ್ಷಣದಲ್ಲಿ ಎ ಸ್ವರವನ್ನು ಹಿಡಿದು ನಿಂತಿದ್ದಾನೆನ್ನೋಣ. ಜಿ ಸೆವೆಂತ್‌ನ ಮೇಲೆ ಆ ಸ್ವರ ಹಿತವಾಗಿ ಕೂರುತ್ತದೆ. ಡಿ ಫ್ಲಾಟ್ ಸೆವೆಂತ್‌ನಲ್ಲಾದರೋ ಪಕ್ಕದ ಎ ಫ್ಲಾಟ್‌ನೊಂದಿಗೆ ತಿಕ್ಕಾಡುತ್ತದೆ. ಆದುದರಿಂದ ಹಾಡಿನ ಸ್ವರವನ್ನು ಮೊದಲು ನೋಡು ಎಂಬ ಷರತ್ತನ್ನೂ ಸೇರಿಸಬೇಕಾಗುತ್ತದೆ. ಆದರೆ ಆ ತಿಕ್ಕಾಟವೇ ಬೇಕೆನಿಸುವ ಹಾಡುಗಳೂ ಇವೆಯಲ್ಲ! ಷರತ್ತಿಗೆ ಷರತ್ತು ಸೇರಿಸುತ್ತ ಹೋದಂತೆ, ನಾವು ಬರೆಯುತ್ತಿರುವುದು ನಿಯಮವೋ ಅಭಿರುಚಿಯೋ ಎಂಬ ಸಂದೇಹ ಮೂಡುತ್ತದೆ. ನನ್ನ ಮಟ್ಟಿಗೆ, ತಂತ್ರಾಂಶವು ಸಾಧ್ಯತೆಗಳನ್ನು ಮುಂದಿಡಲಿ. ಆಯ್ಕೆ ಕೇಳುವ ಕಿವಿಯದಾಗಿರಲಿ.

ಕೇಶಿರಾಜನು 13ನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸುವಾಗ ಪೂರ್ವಕವಿಗಳ ಪ್ರಯೋಗಗಳನ್ನೇ ಆಧಾರವಾಗಿಟ್ಟುಕೊಂಡನು. ಪ್ರಯೋಗ ಮುಂದೆ, ಸೂತ್ರ ಹಿಂದೆ. ಜಾಝ್‌ನಲ್ಲಿಯೂ ಹೀಗೆಯೇ. 1959ರಲ್ಲಿ ಜಾನ್ ಕೋಲ್ಟ್ರೇನ್ 'ಜೈಂಟ್ ಸ್ಟೆಪ್ಸ್' ಎಂಬ ಕೃತಿಯನ್ನು ಧ್ವನಿಮುದ್ರಿಸಿದರು. ಅದರಲ್ಲಿ ಬಿ, ಜಿ, ಇ ಫ್ಲಾಟ್ ಎಂಬ ಮೂರು ಮನೆಗಳು. ಮಿಂಚಿನ ವೇಗದಲ್ಲಿ ಒಂದರಿಂದ ಇನ್ನೊಂದಕ್ಕೆ ಜಿಗಿತ. ಇಂದು ಆ ಜಿಗಿತವನ್ನು ಒಂದು ಸಾಲಿನ ನಿಯಮವಾಗಿ ಯಂತ್ರಕ್ಕೆ ಬರೆದುಕೊಡಬಹುದು. ಅಂದು ಪಿಯಾನೋ ಮುಂದೆ ಕುಳಿತಿದ್ದವರು ಟಾಮಿ ಫ್ಲಾನಗನ್, ನುರಿತ ವಾದಕರು. ತಮ್ಮ ಸರದಿ ಬಂದಾಗ ಅವರು ತಡವರಿಸುವುದು ಆ ಧ್ವನಿಮುದ್ರಣದಲ್ಲಿ ಇಂದಿಗೂ ಕೇಳಿಬರುತ್ತದೆ. 1982ರಲ್ಲಿ ಅವರು ಅದೇ ಕೃತಿಯನ್ನು ತಮ್ಮ ತಂಡದೊಂದಿಗೆ ಮತ್ತೆ ನುಡಿಸಿದರು. ಈ ಬಾರಿ ಎಲ್ಲಿಯೂ ತಡವರಿಸಲಿಲ್ಲ.