ಲಾರಿ ಎಳೆಯದಿದ್ದಾಗ ಶೆಡ್ಡಿನಲ್ಲಿ ನಡೆಯುತ್ತಿದ್ದ ವಿಚಾರಣೆ

ಹೆದ್ದಾರಿ ಬದಿಯ ಲಾರಿ ಶೆಡ್ಡುಗಳ ಮಾತು ಬಂದಾಗಲೆಲ್ಲ ಒಂದೇ ಕಥೆ ಕಿವಿಗೆ ಬೀಳುತ್ತದೆ: ಹಿಂದಿನ ಮೇಸ್ತ್ರಿಗಳು ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದರು, ಕಂಪ್ಯೂಟರ್ ಬಂದ ಮೇಲೆ ಆ ವಿದ್ಯೆ ಮುಗಿಯಿತು. ಮೈಕೋ ಪಂಪಿನ ಕಾಲದಿಂದ ಕಾಮನ್ ರೈಲ್ ಕಾಲದವರೆಗೆ ಸಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ ದಾರಿಯ ಶೆಡ್ಡುಗಳನ್ನು ನೋಡುತ್ತ ಬಂದ ನನಗೆ ಈ ಕಥೆಯಲ್ಲಿ ಅರ್ಧ ಮಾತ್ರ ನಿಜ ಕಾಣುತ್ತದೆ. ಒಳ್ಳೆಯ ಕಿವಿಯಿದ್ದವರು ಇದ್ದರು, ಸುಳ್ಳಲ್ಲ. ಆದರೆ ‘ಗಾಡಿ ಎಳೀತಿಲ್ಲ, ಪಿಕಪ್ ಇಲ್ಲ’ ಎಂಬ ದೂರನ್ನು ಬಗೆಹರಿಸುತ್ತಿದ್ದುದು ಒಂದು ಕ್ರಮ. ಪುಕ್ಕಟೆ ನೋಡಬಹುದಾದದ್ದನ್ನು ಮೊದಲು ನೋಡುವುದು, ದುಡ್ಡು ಬೇಡುವುದನ್ನು ಕೊನೆಗೆ ಬಿಚ್ಚುವುದು. ಇವತ್ತು ಸವೆದಿರುವುದು ಆ ಕ್ರಮ. ಅದಕ್ಕೆ ಕಂಪ್ಯೂಟರನ್ನು ದೂರುವುದು ಸುಲಭ, ಸರಿಯಲ್ಲ.

ಟಾಟಾ 1210, 1612ರಂಥ ಲಾರಿಗಳಲ್ಲಿ ಡೀಸೆಲ್ಲಿನ ದಾರಿ ಸರಳವಾಗಿತ್ತು. ಫೀಡ್ ಪಂಪು ಟ್ಯಾಂಕಿನಿಂದ ಎಳೆಯುತ್ತದೆ, ಡೀಸೆಲ್ ಫಿಲ್ಟರ್ ದಾಟಿ ಆಡುಗೋಡಿಯ ಮೈಕೋ ಕಾರ್ಖಾನೆಯ ಹೆಸರು ಹೊತ್ತ ಪಂಪಿಗೆ ಬರುತ್ತದೆ, ಪಂಪಿನ ಒಂದೊಂದು ಎಲಿಮೆಂಟೂ ತನ್ನ ಸಿಲಿಂಡರಿಗೆ ಸರದಿಯ ಮೇಲೆ ಅಳೆದು ತಳ್ಳುತ್ತದೆ, ಸುಮಾರು 200 ಬಾರ್ ಒತ್ತಡಕ್ಕೆ ನಾಝಲ್ ತೆರೆದು ಸಿಂಪಡಿಸುತ್ತದೆ. ಬಲ ಕಡಿಮೆಯಾದರೆ ಈ ದಾರಿಯಲ್ಲಿ, ಇಲ್ಲವೇ ಗಾಳಿ ಬರುವ ಮತ್ತು ಹೊಗೆ ಹೋಗುವ ದಾರಿಯಲ್ಲಿ ಎಲ್ಲೋ ತಡೆಯಿದೆ. ಎಲ್ಲಿ ಎಂಬ ಪ್ರಶ್ನೆಗೆ ಮೊದಲ ಸಾಕ್ಷಿ ಡ್ರೈವರು. ಖಾಲಿ ಗಾಡಿಯಲ್ಲೂ ಹೀಗೇನಾ, ಲೋಡಿದ್ದಾಗ ಮಾತ್ರವಾ? ದಿಢೀರನೆ ಬಿತ್ತಾ, ದಿನೇ ದಿನೇ ಇಳಿಯಿತಾ? ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲೆ ಸೋಲುತ್ತಾ? ಡೀಸೆಲ್ ಎಲ್ಲಿ ಹಾಕಿಸಿದ್ದು? ಒಂದೊಂದು ಉತ್ತರಕ್ಕೂ ಸಂಶಯದ ಜಾಗ ಕಿರಿದಾಗುತ್ತಿತ್ತು. ದಿಢೀರನೆ ಬಿದ್ದರೆ ಏನೋ ಕಟ್ಟಿದೆ, ಕಳಚಿದೆ, ಅಥವಾ ಏರ್ ಹಿಡಿದಿದೆ. ನಿಧಾನಕ್ಕೆ ಇಳಿದರೆ ಫಿಲ್ಟರ್ ತುಂಬಿದೆ, ಇಲ್ಲವೇ ಸವಕಳಿ. ಬಿಸಿಯಾದ ಮೇಲೆ ಮಾತ್ರ ಸೋಲುವುದು ಸವೆದ ಎಲಿಮೆಂಟಿನ ಲಕ್ಷಣ; ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಭಾಗದಷ್ಟೇ ಸಂದು ಇರಬೇಕಾದ ಕಡೆ ಸಂದು ಹಿಗ್ಗಿದ್ದರೆ, ಬಿಸಿಗೆ ತೆಳುವಾದ ಡೀಸೆಲ್ ಅಲ್ಲೇ ನುಸುಳಿಕೊಂಡು ಸಿಲಿಂಡರಿಗೆ ಹೋಗುವುದು ಕಡಿಮೆಯಾಗುತ್ತದೆ. ಹೊಗೆಯೂ ಸಾಕ್ಷಿಯೇ. ಲೋಡಿನಲ್ಲಿ ಕಪ್ಪು ಹೊಗೆ ಉಗುಳುವ ಗಾಡಿಗೆ ಡೀಸೆಲ್ ಸಾಕಷ್ಟು ಸಿಗುತ್ತಿದೆ, ಅದನ್ನು ಸುಡಲು ಗಾಳಿ ಸಾಲದು ಅಥವಾ ನಾಝಲ್ ಸರಿಯಾಗಿ ಸಿಂಪಡಿಸುತ್ತಿಲ್ಲ. ಹೊಗೆಯೂ ಇಲ್ಲ, ಎಳೆತವೂ ಇಲ್ಲ ಅಂದರೆ ಡೀಸೆಲ್ಲೇ ಬರುತ್ತಿಲ್ಲ. ಇಷ್ಟು ತಿಳಿಯಲು ಒಂದು ಸ್ಪ್ಯಾನರೂ ಬೇಕಿರಲಿಲ್ಲ.

ಆಮೇಲೆ ಕೈಯ ಕೆಲಸ. ಕ್ಲೀನರ್ ಕ್ಯಾಬಿನ್ನಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಬೇಕು, ಪಂಪಿನ ಲಿವರ್ ಕೊನೆ ಮುಟ್ಟುತ್ತದೋ ಇಲ್ಲವೋ ಕೆಳಗಿನಿಂದ ನೋಡಬೇಕು. ಸಂಧಿಗಳ ಪಿನ್ನು ಸವೆದು ಲಿವರ್ ಮುಕ್ಕಾಲಕ್ಕೇ ನಿಲ್ಲುತ್ತಿದ್ದ ಲಾರಿಗಳು ಎಷ್ಟೋ. ಎಕ್ಸಾಸ್ಟ್ ಬ್ರೇಕಿನ ತಟ್ಟೆ ಮಸಿ ಹಿಡಿದು ಅರ್ಧ ಮುಚ್ಚಿಕೊಂಡು ನಿಂತಿದೆಯೇ ಎಂದು ಅಲ್ಲಾಡಿಸಿ ನೋಡಬೇಕು. ಬ್ರೇಕ್ ಡ್ರಮ್ಮಿನ ಹತ್ತಿರ ಕೈ ಒಡ್ಡಿದರೆ ಕಾವು ಹೊಡೆಯುತ್ತದೆಯೇ? ಎಂಜಿನ್ ಕೂಗುತ್ತಿದ್ದರೂ ಗಾಡಿ ಏರುತ್ತಿಲ್ಲವೇ? ಮೊದಲನೆಯದು ಹಿಡಿದುಕೊಂಡ ಬ್ರೇಕು, ಎರಡನೆಯದು ಜಾರುವ ಕ್ಲಚ್ಚು. ಎರಡಕ್ಕೂ ಎಂಜಿನ್ನಿಗೂ ಸಂಬಂಧವಿಲ್ಲ. ಟ್ಯಾಂಕಿನ ಮುಚ್ಚಳ ತೆರೆದಾಗ ಗಾಳಿ ಸುಯ್ಯೆಂದು ಒಳನುಗ್ಗಿದರೆ ಮುಚ್ಚಳದ ತೂತು ಕಟ್ಟಿದೆ. ಹ್ಯಾಂಡ್ ಪ್ರೈಮರ್ ಒತ್ತುತ್ತ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿದಾಗ ನೊರೆ ಬಂದರೆ ಎಲ್ಲೋ ಒಂದು ತಾಮ್ರದ ವಾಷರ್ ಹೋಗಿದೆ. ಕೊನೆಗೆ ನಿಂತಲ್ಲೇ ಓಡುವ ಎಂಜಿನ್ನಿನಲ್ಲಿ ನಾಝಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತ ಬರುವುದು. ಯಾವ ಸಿಲಿಂಡರಿನದನ್ನು ಸಡಿಲಿಸಿದಾಗ ಓಟ ಬದಲಾಗುವುದಿಲ್ಲವೋ ಅದು ಮೊದಲಿನಿಂದಲೂ ದುಡಿಯುತ್ತಿರಲಿಲ್ಲ. ಕಿವಿಯ ಪವಾಡ ಎನ್ನುವುದು ಇದನ್ನೇ. ಆರು ಸಿಲಿಂಡರಿಗೆ ಆರು ಸಲ ಹೋಲಿಸಿದ ಮೇಲೆ ಯಾರ ಕಿವಿಗಾದರೂ ಗೊತ್ತಾಗುತ್ತದೆ. 1990ರ ದಶಕದಲ್ಲಿ ಟಾಟಾ ಕಮಿನ್ಸ್ ಎಂಜಿನ್ನುಗಳ ಜೊತೆ ಗಾಳಿ ಒತ್ತಿ ತುಂಬುವ ಟರ್ಬೊ ಬಂದಾಗ ಈ ಪಟ್ಟಿಗೆ ಸೀಳಿದ ಹೋಸುಗಳು ಸೇರಿದವು, ಕ್ರಮ ಕದಲಲಿಲ್ಲ.

ಆ ಕ್ರಮದ ಬೆಲೆ ಗೊತ್ತಾಗಬೇಕಾದರೆ ಬಳ್ಳಾರಿ ಅದಿರಿನ ವರ್ಷಗಳನ್ನು ನೆನೆಯಬೇಕು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಷೇಧಿಸುವವರೆಗೆ ಸಂಡೂರು, ಹೊಸಪೇಟೆಯಿಂದ ಬೇಲೆಕೇರಿ, ಮಂಗಳೂರು ಬಂದರುಗಳಿಗೆ ಲಾರಿಗಳ ಸಾಲು ತಪ್ಪುತ್ತಿರಲಿಲ್ಲ. ‘ಲೋಡಿನಲ್ಲಿ ಏರು ಹತ್ತಲ್ಲ’ ಎಂಬ ದೂರು ಆಗ ಶೆಡ್ಡುಗಳಿಗೆ ನಿತ್ಯದ ಊಟ. ಹೆಚ್ಚಿನವಕ್ಕೆ ಕಾರಣ ಏರ್ ಫಿಲ್ಟರಿನಲ್ಲಿ ಗಟ್ಟಿಯಾಗಿ ಕೂತ ಕೆಂಪು ಧೂಳು. ಪಂಪು ಬಿಚ್ಚಿ ಟೆಸ್ಟ್ ಬೆಂಚಿಗೆ ಏರಿಸಿದ್ದರೆ ಅದು ಸರಿಯಾಗಿಯೇ ಇರುತ್ತಿತ್ತು, ಬಿಲ್ಲು ಮಾತ್ರ ಆಗುತ್ತಿತ್ತು. ಇನ್ನು ಕೆಲವು ಗಾಡಿಗಳಿಗೆ ಯಾವ ರೋಗವೂ ಇರುತ್ತಿರಲಿಲ್ಲ. ‘ಎಷ್ಟು ಟನ್ ತುಂಬಿದ್ದೀಯಪ್ಪಾ’ ಎಂಬ ಪ್ರಶ್ನೆಯೇ ಸಾಕಿತ್ತು. ಮಿತಿಮೀರಿದ ಲೋಡಿನ ಸಂಗತಿ ಲೋಕಾಯುಕ್ತ ವರದಿಗೂ ಏರಿದ್ದು ಎಲ್ಲರಿಗೂ ಗೊತ್ತಿದೆ. ಅದೇ ಡ್ರೈವರು, ಅದೇ ಗಾಡಿ, ಅದೇ ಏರು ಆಗಿದ್ದರಿಂದ ‘ಹೋದ ತಿಂಗಳು ಮೂರನೇ ಗೇರಿನಲ್ಲಿ ಹತ್ತುತ್ತಿತ್ತು’ ಎಂಬ ಮಾತಿಗೆ ಅಳತೆಗೋಲಿನ ತೂಕವಿತ್ತು.

ಹಳೆಯದನ್ನು ಹೊಗಳುತ್ತಿದ್ದೀರಿ ಎಂದು ಯಾರಾದರೂ ಅಡ್ಡ ಬಂದರೆ, ಅವರ ಆಕ್ಷೇಪದಲ್ಲಿ ಹುರುಳಿದೆ. ಈ ಕ್ರಮ ಎಲ್ಲ ಶೆಡ್ಡುಗಳಲ್ಲೂ ಇರಲಿಲ್ಲ. ಪಿಕಪ್ ಇಲ್ಲ ಅಂದ ಕೂಡಲೇ ಪಂಪಿನ ಸೀಲು ಮುರಿದು, ಡೀಸೆಲ್ ಅಳತೆಯ ಸ್ಕ್ರೂ ತಿರುಗಿಸಿ ಕಳಿಸುವವರು ಪ್ರತಿ ಊರಲ್ಲೂ ಇದ್ದರು. ಗಾಡಿ ಎರಡು ದಿನ ಚೆನ್ನಾಗಿ ಎಳೆಯುತ್ತಿತ್ತು, ಕಪ್ಪು ಹೊಗೆ ಕಾರುತ್ತಿತ್ತು, ಡೀಸೆಲ್ ಕುಡಿಯುತ್ತಿತ್ತು, ಕಾವಿಗೆ ಪಿಸ್ಟನ್ ಹೋಗುತ್ತಿತ್ತು. ಮಾಲೀಕರೇ ಕೇಳಿ ಮಾಡಿಸುತ್ತಿದ್ದುದೂ ಉಂಟು. ಸೀಮೆಎಣ್ಣೆ ಬೆರೆಸಿದ ಡೀಸೆಲ್ ಪಂಪಿನ ಜಿಡ್ಡನ್ನೇ ಕಸಿದು ಎಲಿಮೆಂಟ್ ತಿನ್ನುತ್ತದೆ ಎಂದು ಗೊತ್ತಿದ್ದೂ ಅದನ್ನೇ ಹಾಕಿ ಓಡಿಸಿದರು. ಅಲ್ಲಿಗೆ, ಊಹೆಯ ಮೇಲೆ ರಿಪೇರಿ ಮಾಡುವ ಚಟ ಕಂಪ್ಯೂಟರಿಗಿಂತ ಹಳೆಯದು. ನನ್ನ ವಾದಕ್ಕೆ ಇದು ಬಲವನ್ನೇ ಕೊಡುತ್ತದೆ.

ಹೊಗೆಗೆ ಮಿತಿ ಹಾಕುವ ನಿಯಮಗಳಲ್ಲಿ ಬಿಎಸ್ 4 ದೇಶದಾದ್ಯಂತ ಬಂದದ್ದು 2017ರ ಏಪ್ರಿಲ್ 1ರಂದು, ಬಿಎಸ್ 6 ಬಂದದ್ದು 2020ರ ಏಪ್ರಿಲ್ 1ರಂದು. ಈ ನಡುವೆ ಕಾಮನ್ ರೈಲ್ ಸಾಮಾನ್ಯವಾಯಿತು. ಪಂಪು ಈಗ ಅಳೆಯುವುದಿಲ್ಲ, ಎಲ್ಲ ಇಂಜೆಕ್ಟರುಗಳಿಗೂ ಒಂದೇ ಆದ ಕೊಳವೆಯಲ್ಲಿ, ಅಂದರೆ ರೈಲಿನಲ್ಲಿ, 1600 ಬಾರ್, ಅದಕ್ಕೂ ಮೇಲೆ ಒತ್ತಡ ತುಂಬಿಡುತ್ತದೆ. ಎಷ್ಟು ಡೀಸೆಲ್, ಯಾವಾಗ ಎಂಬುದನ್ನು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಎಂ ನಿರ್ಧರಿಸುತ್ತದೆ. ಕೆಲವು ಹಳೆಯ ಕೈರೂಢಿಗಳನ್ನು ಬಿಡಲೇಬೇಕಾಯಿತು. ಓಡುವ ಎಂಜಿನ್ನಿನಲ್ಲಿ ಈಗ ಪೈಪಿನ ನಟ್ಟು ಸಡಿಲಿಸಿದರೆ ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಅದರ ಬದಲು ಇಂಜೆಕ್ಟರುಗಳ ರಿಟರ್ನ್ ಪೈಪು ಕಳಚಿ, ಒಂದೊಂದಕ್ಕೂ ಅಳತೆಯ ಬಾಟಲಿ ಕಟ್ಟಿ, ಯಾವುದರಲ್ಲಿ ಹೆಚ್ಚು ತುಂಬುತ್ತದೆಂದು ನೋಡುತ್ತಾರೆ. ಹೋಲಿಸಿ ಕಳ್ಳನನ್ನು ಹಿಡಿಯುವ ಉಪಾಯ ಅದೇ. ಇನ್ನು ಸ್ಕ್ಯಾನರ್ ತೋರಿಸುವ ‘ರೈಲ್ ಪ್ರೆಶರ್ ಕಡಿಮೆ’ ಎಂಬ ಕೋಡು ದೂರಿನ ಇನ್ನೊಂದು ರೂಪವಷ್ಟೇ. ಟ್ಯಾಂಕಿನ ಜಾಲರಿ ಕಟ್ಟಿದ್ದರೂ, ಫಿಲ್ಟರ್ ತುಂಬಿದ್ದರೂ, ಎಳೆಯುವ ಪೈಪಿನಲ್ಲಿ ಗಾಳಿ ಸೇರಿದ್ದರೂ, ಇಂಜೆಕ್ಟರ್ ಹಿಂದಕ್ಕೆ ಹೆಚ್ಚು ಬಿಡುತ್ತಿದ್ದರೂ, ಸೆನ್ಸರಿನ ವಯರ್ ಸವೆದಿದ್ದರೂ, ಪಂಪೇ ಹೋಗಿದ್ದರೂ ಅದೇ ಕೋಡು ಬರಬಹುದು. ಕೋಡು ಓದಿ ನೇರ ಪಂಪು ಬದಲಿಸುವವನು ಅಂದು ಸೀಲು ಮುರಿಯುತ್ತಿದ್ದವನ ತಮ್ಮ. ಅದೇ ಸ್ಕ್ಯಾನರಿನಲ್ಲಿ ಬೇಕಾದ ಒತ್ತಡವೆಷ್ಟು, ಸಿಗುತ್ತಿರುವ ಒತ್ತಡವೆಷ್ಟು ಎಂದು ಲೋಡ್ ಗಾಡಿಯನ್ನು ಏರಿನಲ್ಲಿ ಓಡಿಸುತ್ತಲೇ ನೋಡಬಹುದು. ಹಳೆಯ ಮೇಸ್ತ್ರಿಗೆ ಸಿಕ್ಕಿರದ ಸವಲತ್ತು ಅದು.

ಹಾಗಿದ್ದರೆ ಯಾಕೆ ನೋಡುವುದಿಲ್ಲ? ಕಂಪನಿಗಳು ಸಾಫ್ಟ್‌ವೇರಿಗೆ ಬೀಗ ಹಾಕಿವೆ, ಹೊರಗಿನ ಶೆಡ್ಡಿಗೆ ಎಲ್ಲ ಮಾಹಿತಿಯೂ ಸಿಗುವುದಿಲ್ಲ ಎನ್ನುತ್ತಾರೆ. ಒಪ್ಪುತ್ತೇನೆ. ಆದರೆ ಟ್ಯಾಂಕಿನ ಮುಚ್ಚಳಕ್ಕೆ, ಏರ್ ಫಿಲ್ಟರಿಗೆ, ಟರ್ಬೊ ಹೋಸಿಗೆ ಯಾರೂ ಬೀಗ ಹಾಕಿಲ್ಲ. ಹೊಗೆ ಶುದ್ಧಿಗೆಂದು ಹಾಕುವ ಯೂರಿಯಾ ದ್ರಾವಣ ಮುಗಿದರೆ ಅಥವಾ ಕಲಬೆರಕೆಯಾದರೆ ಎಂಜಿನ್ ತಾನಾಗಿಯೇ ಬಲ ತಗ್ಗಿಸಿಕೊಳ್ಳುವಂತೆ ಈಗಿನ ಲಾರಿಗಳನ್ನು ಮಾಡಿದ್ದಾರೆ. ಆಗ ಗಾಡಿ ಕೆಟ್ಟಿರುವುದಿಲ್ಲ, ನಿಯಮ ಪಾಲಿಸುತ್ತಿರುತ್ತದೆ. ಇದನ್ನು ತಿಳಿಯಲೂ ಡ್ರೈವರನ್ನೇ ಮೊದಲು ಕೇಳಬೇಕು. ಆದರೆ ಟ್ರಿಪ್ಪಿಗೊಬ್ಬ ಡ್ರೈವರ್ ಬದಲಾಗುವ ಗಾಡಿಯಲ್ಲಿ ಹೋದ ತಿಂಗಳ ಗೇರು ಯಾರಿಗೂ ನೆನಪಿಲ್ಲ. ಕಂತು ಕಟ್ಟುವ ಮಾಲೀಕನಿಗೆ ಗಾಡಿ ನಿಂತ ಪ್ರತಿ ದಿನವೂ ಲುಕ್ಸಾನು, ಹಾಗಾಗಿ ಹುಡುಕುವುದಕ್ಕಿಂತ ಬದಲಿಸುವುದು ಬೇಗ ಅನ್ನಿಸುತ್ತದೆ. ಮೇಸ್ತ್ರಿಯ ಸಂಪಾದನೆಯೂ ಬದಲಿಸಿದ ಸಾಮಾನಿನ ಮೇಲೆಯೇ ನಿಂತಿದೆ. ಹನ್ನೆರಡು ಕಡೆ ನೋಡಿ ಒಂದು ವಾಷರ್ ಹಾಕಿದವನಿಗೆ ಸಿಗುವುದು ವಾಷರಿನ ಕೂಲಿ. ಕೆಲವು ಶೆಡ್ಡುಗಳು ಈಗ ಸ್ಕ್ಯಾನಿಂಗಿಗೆಂದು ಬೇರೆಯೇ ದುಡ್ಡು ತೆಗೆದುಕೊಳ್ಳುತ್ತಿವೆ. ಅದು ವಯರ್ ಚುಚ್ಚಿ ಕೋಡು ಓದಿ ಹೇಳಿದ್ದಕ್ಕೆ. ಗಾಡಿಯ ಕೆಳಗೆ ಒಂದು ತಾಸು ಮಲಗಿ ನೋಡಿದ್ದಕ್ಕೂ ಬಿಲ್ಲಿನಲ್ಲಿ ಒಂದು ಸಾಲು ಬರೆಯುವ ಶೆಡ್ಡು ಈ ದಾರಿಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಬರೆದರೆ ಕೊಡುವ ಮಾಲೀಕರೂ ಕಡಿಮೆಯೇ.