ಹೊಲಿಗೆಯ ಯಂತ್ರದ ಮೇಲಣ ಅಂಕಿ

ನಮ್ಮ ನಡುಮನೆಯ ಮೂಲೆಯಲ್ಲಿ ಕೈಯಿಂದ ತಿರುಗಿಸುವ ಒಂದು ಸಿಂಗರ್ ಹೊಲಿಗೆಯ ಯಂತ್ರವಿದೆ. ಕಪ್ಪು ಮೈ, ಅದರ ಮೇಲೆ ಮಾಸಿಹೋದ ಹೊಂಬಣ್ಣದ ಬಳ್ಳಿ. ಅದು ನಮ್ಮ ಅಜ್ಜಿಯದು. 1918ರ ವೈಶಾಖದಲ್ಲಿ ಅಜ್ಜಿಯ ಮದುವೆಯಾದಾಗ ಅವರ ತಂದೆ ಬಳುವಳಿಯಾಗಿ ಕೊಟ್ಟುದೆಂದು ನಾವೆಲ್ಲರೂ ಕೇಳಿ ಬೆಳೆದವರು. ಆ ಪುಣ್ಯಾತ್ಮರು ಅದೇ ವರ್ಷದ ಇನ್‌ಫ್ಲುಯೆಂಜಾ ಜ್ವರಕ್ಕೆ ತುತ್ತಾದರು. ಸತ್ತ ತಂದೆಯ ಕಡೆಯ ಕೊಡುಗೆಯೆಂದು ಆ ಯಂತ್ರಕ್ಕೆ ದೇವರ ಮನೆಯ ಸಾಮಾನಿನಷ್ಟೇ ಮರ್ಯಾದೆ. ಆಯುಧಪೂಜೆಯ ದಿನ ಮೊದಲ ಕುಂಕುಮ ಅದಕ್ಕೇ.

ಕಳೆದ ವರ್ಷ ಹಳೆಯ ಸಾಮಾನುಗಳನ್ನು ಕೊಳ್ಳುವ ವ್ಯಾಪಾರಿಯೊಬ್ಬನು ಮನೆಗೆ ಬಂದನು. ಯಂತ್ರವನ್ನು ಮಾರುವ ಉದ್ದೇಶ ನಮಗಿರಲಿಲ್ಲ. ಆದರೂ ಅದರ ವಯಸ್ಸನ್ನು ಹೇಳಿ ಅವನ ಕಣ್ಣರಳಿಸಬೇಕೆಂಬ ಚಪಲವೇನೋ ಇದ್ದಿತು. ನಾವು 1918 ಎಂದೆವು. ಅವನು ನಕ್ಕು, “ಬಾಯಿಮಾತು ಬೇಡಿ ಸ್ವಾಮಿ, ನಂಬರು ನೋಡೋಣ” ಎಂದನು.

ಕೈಗಾಲಿಯ ಪಕ್ಕದಲ್ಲಿ, ಪೀಠದ ಬಲತುದಿಯಲ್ಲಿ, ಎಣ್ಣೆಯ ಜಿಡ್ಡು ಕರಿಯ ಹಪ್ಪಳದಂತೆ ಕಟ್ಟಿತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ತಿಕ್ಕಿದೆವು. ಮೊದಲು ವೈ ಎಂಬ ಇಂಗ್ಲಿಷ್ ಅಕ್ಷರವೂ ಆಮೇಲೆ ಒಂದೊಂದಾಗಿ ಏಳು ಅಂಕಿಗಳೂ ಮೇಲೆದ್ದುವು. ಎಪ್ಪತ್ತು ವರ್ಷ ನೋಡಿದ ವಸ್ತುವಿನ ಮೈಮೇಲೆ ನಾವು ಒಮ್ಮೆಯೂ ಓದದ ಬರಹವೊಂದು ಇದ್ದಿತಲ್ಲಾ ಎಂದು ಆಶ್ಚರ್ಯವಾಯಿತು.

ಈ ಅಂಕಿಗಳ ಬಗೆಯನ್ನು ವಾಚಕರಿಗೆ ಸ್ವಲ್ಪ ಹೇಳಬೇಕು. ಅನೇಕರ ಮನೆಯ ಅಟ್ಟದಲ್ಲಿ ಇಂಥದೊಂದು ಯಂತ್ರ ಮಲಗಿರುವುದು ಸಂಭವ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಎಂಬಲ್ಲಿ ಸಿಂಗರ್ ಕಂಪೆನಿಯ ದೊಡ್ಡ ಕಾರ್ಖಾನೆಯಿದ್ದಿತು. ಅದು 1885ರಲ್ಲಿ ತೆರೆದು 1980ರಲ್ಲಿ ಮುಚ್ಚಿತು. 1913ನೆಯ ಒಂದೇ ವರ್ಷದಲ್ಲಿ ಅಲ್ಲಿಂದ 13 ಲಕ್ಷಕ್ಕೂ ಮಿಕ್ಕಿ ಯಂತ್ರಗಳು ಹೊರಬಿದ್ದುವು. ಇಷ್ಟೊಂದು ಮಕ್ಕಳಿಗೆ ಹೆಸರಿಡುವುದಾದರೂ ಹೇಗೆ? ಸಂಖ್ಯೆ ಕೊಟ್ಟರು. 1900ಕ್ಕೆ ಹಿಂದಿನ ಯಂತ್ರಗಳಿಗೆ ಬರಿಯ ಅಂಕಿ. ಆಮೇಲಿನವಕ್ಕೆ ಅಂಕಿಯ ಮುಂದೆ ಅಕ್ಷರ. ಕ್ಲೈಡ್‌ಬ್ಯಾಂಕಿನಲ್ಲಿ ವೈ ಅಕ್ಷರದ ಸಾಲು 1920ರ ಈಚಿನದು. 1930ರ ದಶಕದ ನಡುವಿನವರೆಗೂ ಅದು ನಡೆಯಿತು. ನಮ್ಮದು ಆ ಸಾಲಿನ ಕೊನೆಯ ಭಾಗದ್ದು. ಇನ್ನೊಂದು ಸೂಕ್ಷ್ಮವೂ ಉಂಟು. ಪಟ್ಟಿಯಲ್ಲಿರುವ ತಾರೀಖು ಯಂತ್ರ ಸಿದ್ಧವಾದ ದಿನವಲ್ಲ. ಇಷ್ಟು ಸಾವಿರ ಸಂಖ್ಯೆಗಳು ಇಂಥ ಮಾದರಿಗೆ ಎಂದು ಮೀಸಲಿಟ್ಟ ದಿನ. ಯಂತ್ರವು ತಯಾರಾಗಿ, ಹಡಗು ಹತ್ತಿ, ಅಂಗಡಿಯಲ್ಲಿ ಬಿಕರಿಯಾಗುವುದು ಅದಕ್ಕೂ ಈಚೆಗೆ. ಅಂದಮೇಲೆ ಅಂಕಿ ಹೇಳುವುದಕ್ಕಿಂತ ಯಂತ್ರವು ಕಿರಿಯದಾಗಬಹುದೇ ಹೊರತು ಹಿರಿಯದಾಗಲಾರದು.

ಬಣ್ಣ ಮಾಸುತ್ತದೆ, ಒಡೆಯರು ಬದಲಾಗುತ್ತಾರೆ, ಅಂಕಿ ಮಾತ್ರ ಜಾತಕದಂತೆ ಅಂಟಿಕೊಂಡಿರುತ್ತದೆ. ವಿಮಾನಗಳದೂ ಇದೇ ಕಥೆ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋದ ಲಿಬರೇಟರ್ ಬಾಂಬರುಗಳನ್ನು ನಮ್ಮ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟಿನವರು ದುರಸ್ತಿಮಾಡಿ ಹಾರಿಸಿದರು. 1968ರವರೆಗೆ ಅವು ನಮ್ಮ ವಾಯುಪಡೆಯಲ್ಲಿ ದುಡಿದುವು. ಅವುಗಳಲ್ಲಿ ಎಚ್‌ಇ 807 ಎಂಬುದು 1974ರಲ್ಲಿ ಬ್ರಿಟನ್ನಿಗೆ ಹಿಂದಿರುಗಿತು. ಅಲ್ಲಿ ಅದರ ಹಳೆಯ ಸಂಖ್ಯೆ ಕೆಎನ್ 751. ಇಂದು ವಸ್ತುಸಂಗ್ರಹಾಲಯದಲ್ಲಿ ಆ ಹೆಸರಿನಿಂದಲೇ ನಿಂತಿದೆ. ಬೆಂಗಳೂರಿನ ಕೆಲಸಗಾರರ ಕೈಯ ಗುರುತು ಅದರ ಮೈಯಲ್ಲಿ ಎಲ್ಲಿಯಾದರೂ ಉಳಿದಿರಬಹುದೇ ಎಂದು ನಾವು ಯೋಚಿಸುವುದುಂಟು.

ಅದಿರಲಿ. 1918ರಲ್ಲಿ ತೀರಿಕೊಂಡ ತಂದೆ 1930ರ ದಶಕದ ಯಂತ್ರವನ್ನು ಮಗಳಿಗೆ ಹೇಗೆ ಕೊಟ್ಟರು? ಅಜ್ಜಿ ಸುಳ್ಳಾಡಿದವರಲ್ಲ. ಪಟ್ಟಿಯನ್ನು ಮತ್ತೆ ಮತ್ತೆ ನೋಡಿದೆವು. ಅಂಕಿಯನ್ನು ಮಸೂರದಲ್ಲಿ ಓದಿದೆವು. ಸುಮ್ಮನಿದ್ದುಬಿಡೋಣವೆಂದು ಕೂಡ ಅನ್ನಿಸಿತು. ತೊಂಬತ್ತಮೂರು ವರ್ಷದ ಅತ್ತೆ ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಪಾಲಿಗೆ ಆ ಯಂತ್ರವೆಂದರೆ ತಾಯಿಯ ತೌರುಮನೆಯ ನೆನಪು. ಈ ವಯಸ್ಸಿನಲ್ಲಿ ಅದನ್ನು ಕದಲಿಸುವುದು ನ್ಯಾಯವೇ? ಎರಡು ವಾರ ಬಾಯಿ ಕಟ್ಟಿಕೊಂಡಿದ್ದೆವು. ಮೂರನೆಯ ವಾರ ತಡೆಯಲಾರದೆ ಹೋಗಿ, “ಅತ್ತೆ, ಅಜ್ಜಿಯ ಯಂತ್ರ ಮದುವೆಯದಲ್ಲವಂತೆ” ಎಂದೆವು.

ಅತ್ತೆ ಬೆಚ್ಚಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿಕೊಂಡು, “ಯಾರು ಹೇಳಿದರೋ ಮಗು?” ಎಂದರು.

“ಅದರ ಮೇಲಿನ ನಂಬರು.”

“ಅಷ್ಟು ಬುದ್ಧಿವಂತ ನಂಬರೇ ಅದು!” ಎಂದು ನಕ್ಕರು. ಆಮೇಲೆ ಸಂಗತಿ ಹೊರಬಂದಿತು. ತಾತನ ಗುಮಾಸ್ತಗಿರಿಯ ಸಂಬಳ ದೊಡ್ಡ ಸಂಸಾರದಲ್ಲಿ ಕರಗಿಹೋಗುತ್ತಿತ್ತಂತೆ. ಅಜ್ಜಿ ಕಂತಿನ ಮೇಲೆ ಯಂತ್ರ ತಂದು, ಮಧ್ಯಾಹ್ನ ಗಂಡಸರಿಲ್ಲದ ಹೊತ್ತಿನಲ್ಲಿ, ಕೇರಿಯವರ ರವಿಕೆ, ಲಂಗಗಳನ್ನು ಕೂಲಿಗೆ ಹೊಲಿಯುತ್ತಿದ್ದರು. ಮನೆಯ ಸೊಸೆ ಕೂಲಿಗೆ ಹೊಲಿಯುವಳೆಂದರೆ ಯಜಮಾನರಾದ ದೊಡ್ಡ ತಾತನ ಮಾನವೇನಾಗಬೇಕು? ಆದುದರಿಂದ ಯಂತ್ರವು ತೌರಿನದು, ತರಿಸಿಕೊಂಡೆ ಎಂದರು. ತೌರು ಎಂಬ ಆ ಒಂದು ಮಾತು ಮಕ್ಕಳು ಮೊಮ್ಮಕ್ಕಳ ಬಾಯಿಯಲ್ಲಿ ಬಳುವಳಿಯಾಗಿ, ಮದುವೆಯಾಗಿ, 1918 ಆಗಿ ಬೆಳೆದುಬಿಟ್ಟಿತು.

“ತಿಂಗಳಿಗೊಮ್ಮೆ ಸೈಕಲ್ಲಿನ ಮೇಲೆ ಒಬ್ಬ ಬರುತ್ತಿದ್ದ. ಹಿತ್ತಲ ಬಾಗಿಲಲ್ಲಿ ದುಡ್ಡು ಕೊಡುವವಳು ನಾನೇ. ಯಾರಿಗೂ ಹೇಳಬೇಡ ಎಂದಿದ್ದಳು ಅಮ್ಮ, ಹೇಳಲಿಲ್ಲ” ಎಂದರು ಅತ್ತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೊನೆಯ ಕಂತು ತೀರಿದ ದಿನ ನನಗೊಂದು ಹಸುರು ಲಂಗ ಹೊಲಿದಳು. ಅಲ್ಲಿಯವರೆಗೆ ಅದರಲ್ಲಿ ಹೊಲಿದದ್ದೆಲ್ಲ ಊರವರ ಬಟ್ಟೆಯೇ” ಎಂದರು.